ಮೂರು ಗೀಟಿನ ಪಟ್ಟಿ

ಡ್ರೈವರ್ ಭೀಮಣ್ಣ ಲಾರಿಯ ಮುರಿದ ಕಮಾನು ಪಟ್ಟಿಯ ಎರಡು ತುಂಡನ್ನೂ ತಂದು ಮೋನಪ್ಪನ ಕುಲುಮೆಯ ಮುಂದೆ ಧಡಾರನೆ ಒಗೆದ. ಮಕ್ತಲದ ಆ ಬೀದಿಯಲ್ಲಿ ಕೂತಿದ್ದವರೆಲ್ಲ ಕತ್ತು ಹೊರಳಿಸಿದರು. ಮೋನಪ್ಪ ಮಾತ್ರ ಎದುರಿನ ಕುಲುಮೆಯತ್ತ ನೋಡಿದ. ಅಲ್ಲಿ ಅವನ ಹೆಂಡತಿಯ ತಮ್ಮ ಸಾಯಣ್ಣ ಏನೂ ಕೇಳಿಸದವನಂತೆ ಸುತ್ತಿಗೆ ಬಡಿಯುತ್ತಿದ್ದ.

“ಮತ್ತ ಹೋತ್ರಿ ಉಸ್ತಾದ್,” ಎಂದ ಭೀಮಣ್ಣ.

“ಶೇಂಗಾ ಚೀಲ ಮುಗಲಿಗೆ ಮುಟ್ಟೂತನ ಹೇರ್ತೀರಿ. ನಾರಾಯಣಪೇಟಿ ದಾರ್ಯಾಗ ತೆಗ್ಗು ಬಿಟ್ರ ಮತ್ತೇನೈತಿ? ಕಬ್ಬಿಣರ ಏನ್ ಮಾಡಬೇಕು?”

“ಅದ ಹೇರು, ಅದ ದಾರಿ, ಅದ ಲಾರಿ. ಎಡಗಡಿ ಸಾಯಣ್ಣಂದು ಐತಿ, ಅಲುಗಿಲ್ಲ. ಬಲಗಡಿ ನಿಮ್ದು, ಇದು ಎರಡ್ನೇದು. ಸಾಹುಕಾರ್ರು ಹೇಳ್ಯಾರ ನೋಡ್ರಿ, ಇನ್ನೊಮ್ಮೆ ಮುರದ್ರ ಮೂರೂ ಲಾರಿ ಆ ಕಡಿಗೆ.”

ಯುದ್ಧ ಹತ್ತಿದ ಮೇಲೆ ಮುಂಬಯಿಯಿಂದ ಹೊಸ ಸಾಮಾನು ಬರುವುದು ನಿಂತು, ಲಾರಿಯ ಭಾರ ಹೊರುವ ಈ ಪಟ್ಟಿಗಳು ಊರ ಕುಲುಮೆಯಲ್ಲೇ ತಯಾರಾಗುತ್ತಿದ್ದವು. ಸಾಯಣ್ಣನಿಗೆ ಆ ಕೆಲಸ ಕಲಿಸಿದವನೇ ಮೋನಪ್ಪ. ಕಲಿತವನು ಎದುರಿಗೇ ಕುಲುಮೆ ಹೂಡಿದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಮೋನಪ್ಪ ಮಾಡಿದ ಪಟ್ಟಿ ನೋಡಿಯೂ ಜನ “ಸಾಯಣ್ಣಂದೇನು?” ಎಂದು ಕೇಳತೊಡಗಿದಾಗ ಅವನ ಹೊಟ್ಟೆಗೆ ಕೆಂಡ ಬಿತ್ತು. ಅಂದಿನಿಂದ ಅವನು ಪ್ರತಿ ಪಟ್ಟಿಯೂ ಕೆಂಪಗಿರುವಾಗಲೇ ಅದರ ಮೇಲೆ ಹರಿತವಾದ ಉಕ್ಕಿನ ಚಾಣ ಇಟ್ಟು ಬಡಿದು, ತನ್ನ ಹಣೆಯ ವಿಭೂತಿಯಂತೆ ಮೂರು ಅಡ್ಡಗೀಟು ಹೊಡೆಯುತ್ತಿದ್ದ. ತುಕ್ಕು ಹಿಡಿದರೂ ಅಳಿಸಿಹೋಗಬಾರದೆಂದು ಆಳವಾಗಿಯೇ ಹೊಡೆಯುತ್ತಿದ್ದ.

ಮಧ್ಯಾಹ್ನ ರೊಟ್ಟಿ ತಂದ ಹೆಂಡತಿ ಗುರುಲಿಂಗಮ್ಮನನ್ನು ಅವನು ಕೂರಲೂ ಬಿಡಲಿಲ್ಲ.

“ನಿನ್ನ ತಮ್ಮ ಕಾದ ಪಟ್ಟಿ ಯಾವ ಎಣ್ಣ್ಯಾಗ ಅದ್ದತಾನ, ನೋಡ್ಕೊಂಡು ಬಾ ಹೋಗು.”

“ನೀವ ಕಲಿಸಿದ್ದಲ್ಲೇನ್ರೀ?”

“ನಾ ಕಲಿಸಿದಂಗ ಮಾಡಿದ್ರ ಅವಂದೂ ಮುರೀಬೇಕಿತ್ತಲ್ಲ!”

ಗುರುಲಿಂಗಮ್ಮ ಸೆರಗು ಬಾಯಿಗಿಟ್ಟು ನಗು ತಡೆದುಕೊಂಡು ಬೀದಿ ದಾಟಿದಳು. ತಿರುಗಿ ಬಂದು, “ಅದ ಎಣ್ಣಿ, ಅದ ಇದ್ಲಿ, ಅದ ಕಬ್ಬಿಣ. ಭಾವ ಉಂಡ್ರೇನು ಅಂತ ಕೇಳ್ದ,” ಎಂದಳು. ಕಡೆಯ ಮಾತು ಮೋನಪ್ಪನನ್ನು ಮುರಿದ ಪಟ್ಟಿಗಿಂತ ಹೆಚ್ಚು ಉರಿಸಿತು. ಗೆದ್ದವರಿಗೆ ಒಳ್ಳೆಯವರಾಗುವುದು ಎಷ್ಟು ಸುಲಭ!

ಭೀಮಣ್ಣ ಚಹಾ ಕುಡಿಯಲು ಹೋದದ್ದೇ ತಡ, ಮೋನಪ್ಪ ಲಾರಿಯ ಅಡಿ ನುಸುಳಿ ಸಾಯಣ್ಣನ ಪಟ್ಟಿಯ ಮೇಲೆ ಕೈಯಾಡಿಸಿದ. ಎಲ್ಲೂ ಗೀರಿಲ್ಲ, ನುಣ್ಣಗಿತ್ತು. ‘ಗುರುತು ಹಾಕಾಕೂ ಧೈರ್ಯಿಲ್ಲ ಇವಗ’ ಎಂದುಕೊಂಡು ಹೊರಬಂದ. ಬಂದವನು ಮುರಿದ ತುಂಡುಗಳನ್ನು ಸುಮ್ಮನೆ ಒಂದಕ್ಕೊಂದು ಹೊಂದಿಸಿದ. ಅವು ಕೂಡಿದ್ದು ನಡುಗೀಟಿನಲ್ಲಿ. ಹಳೆ ಕಬ್ಬಿಣದ ರಾಶಿಯಿಂದ ಹಿಂದಿನ ಪಟ್ಟಿಯ ತುಂಡನ್ನೂ ಎಳೆದು ನೋಡಿದ. ಅದೂ ಗೀಟಿನ ಗುಂಟವೇ ಸೀಳಿತ್ತು. ಅಂಗಡಿಯವನು ಬಟ್ಟೆಗೆ ಒಂದಿಷ್ಟು ಕತ್ತರಿ ತಾಗಿಸಿ, ಆಮೇಲೆ ಪರ್ರನೆ ಹರಿದು ಕೊಡುವ ಹಾಗೆ. ಗೀಟು ಹೊಡೆಯದ ದಿನಗಳಲ್ಲಿ ತನ್ನ ಪಟ್ಟಿ ಮುರಿದದ್ದೇ ಅವನಿಗೆ ನೆನಪಾಗಲಿಲ್ಲ. ಈ ಪಟ್ಟಿಯಲ್ಲಿ ಉಳಿದೆರಡು ಗೀಟುಗಳು ಹಾಗೇ ಇದ್ದವು. ಮುರಿಯಲು ಒಂದೇ ಸಾಕಾಗಿತ್ತು.

ಇದನ್ನು ಹೆಂಡತಿಗೆ ಮಾತ್ರ ಮೆಲ್ಲನೆ ಹೇಳಿದ. ಹೊಸ ಪಟ್ಟಿಯನ್ನು ಗೀಟಿಲ್ಲದೆ ಮಾಡಿ ಬಲಗಡೆಗೆ ಕೂರಿಸಿದ. ಶೇಂಗಾ ಸುಗ್ಗಿ ಮುಗಿದು, ಜೋಳದ ಸುಗ್ಗಿಯೂ ಮುಗಿಯಿತು. ಪಟ್ಟಿ ಮುರಿಯಲಿಲ್ಲ.

ಭೀಮಣ್ಣ ಜ್ವರ ಬಂದು ತನ್ನೂರು ದಾಮರಗಿದ್ದಕ್ಕೆ ಹೋಗಿದ್ದ ದಿನ, ಲಾರಿಯ ಜೊತೆ ಮಾಲಕ ದೇವೇಂದ್ರಪ್ಪ ಸಾಹುಕಾರನೇ ನಾರಾಯಣಪೇಟೆಯಿಂದ ಬಂದಿಳಿದ. ಧೋತರ ಎತ್ತಿ ಹಿಡಿದು, ಬಗ್ಗಿ, ಲಾರಿಯ ಎರಡೂ ಮಗ್ಗಲು ನೋಡಿದ. ಮೋನಪ್ಪ ಹೊಗಳಿಕೆಗೆ ಕಿವಿ ನಿಮಿರಿಸಿ ನಿಂತ.

“ಭೀಮಣ್ಣ ಭಾಳ ಶಾಣ್ಯಾ ಅದಾನ,” ಎಂದ ಸಾಹುಕಾರ. “ನನಗ ಹೇಳದ ಬಲಗಡಿಗೂ ಸಾಯಣ್ಣನ ಪಟ್ಟಿನ ಹಾಕ್ಸ್ಯಾನ. ನೋಡು, ಗೀಟ ಇಲ್ಲ! ಬ್ಯಾಸರ ಮಾಡ್ಕೋಬ್ಯಾಡ ಮೋನಪ್ಪ, ಉಳದೆರಡು ಲಾರಿನೂ ಅವನ ಕಡೆ ಬಿಡ್ತೀನಿ. ಎಷ್ಟಾದ್ರೂ ನಿನ್ನ ಶಿಷ್ಯನ ಅಲ್ಲೇನು?”

ಮೋನಪ್ಪ ಬಾಯಿ ತೆರೆದ. ‘ಅದು ನಂದು’ ಅಂದರೆ, ಗೀಟು ಯಾಕಿಲ್ಲ ಎಂದೂ ಹೇಳಬೇಕು. ಅದನ್ನು ಹೇಳಿದರೆ, ಇಷ್ಟು ದಿನ ಪಟ್ಟಿ ಮುರಿಸಿದ್ದು ತನ್ನ ಗುರುತೇ ಎಂಬುದು ಎದುರಿನವನ ಕಿವಿಗೂ ಬೀಳುತ್ತದೆ. ತೆರೆದ ಬಾಯಿ ಮುಚ್ಚಿದ. ಸಾಹುಕಾರ ಬೀದಿ ದಾಟಿದ. ಆ ಕಡೆಯಿಂದ ಸಾಯಣ್ಣನ ನಗು ಕೇಳಿಸಿತು.

ಕುಲುಮೆಯಲ್ಲಿ ಇನ್ನೊಂದು ಪಟ್ಟಿ ಕೆಂಪಗಾಗಿತ್ತು. ಮೋನಪ್ಪ ಅದನ್ನು ಅಡಿಗಲ್ಲಿನ ಮೇಲೆಳೆದು ಚಾಣ ಎತ್ತಿಕೊಂಡ. ತಿದಿ ಒತ್ತುತ್ತಿದ್ದ ಗುರುಲಿಂಗಮ್ಮನ ಕೈ ನಿಂತಿತು.

“ಬ್ಯಾಡ್ರೀ. ಮುರೀತೈತಿ ಅಂತ ನೀವ ಹೇಳೀರಲ್ರೀ!”

ಮೋನಪ್ಪ ಎದುರಿನ ಕುಲುಮೆಯಿಂದ ಕಣ್ಣು ತೆಗೆಯಲಿಲ್ಲ.

“ಮೂರು ಹೊಡಿಯಂಗಿಲ್ಲ,” ಎಂದು ಚಾಣ ಊರಿದ. “ಒಂದ ಗೀಟು. ಒಂದಕ್ಕೇನಾಗತೈತಿ?”