ಕೊಡದೆ ಉಳಿದ ಆಶೀರ್ವಾದ

ಮೋಟಾರನ್ನು ದೋಣಿಗೆ ಬಿಗಿದ ಆ ತಿರುಪು ಸುಮ್ಮನೆ ತಿರುಗಿಸಿದರೆ ಬಿಡುವುದಿಲ್ಲ. ಅಂಗೈ ಬುಡದಿಂದ ಕೆಳಗಿನಿಂದ ಮೇಲಕ್ಕೆ ಎರಡು ಏಟು ಹಾಕಿ, ಆಮೇಲೆ ತಿರುಗಿಸಬೇಕು. ಈ ಗುಟ್ಟು ಪರಿಯಾ ಕೊಲ್ಲಿಯ ಉದ್ದಗಲಕ್ಕೂ ಮೂರೇ ಮೂರು ಜನಕ್ಕೆ ಗೊತ್ತಿತ್ತು. ಮುಖಕ್ಕೆ ಕರಿಬಟ್ಟೆ ಸುತ್ತಿಕೊಂಡಿದ್ದ ಕಳ್ಳ, ಕ್ರಿಸಾಂತೊನ ದೋಣಿಗೆ ಹಾರಿದವನೇ, ಯಾರನ್ನೂ ಕೇಳದೆ ಎರಡು ಏಟು ಹಾಕಿ ತಿರುಪು ಸಡಿಲಿಸಿದ.

ಕ್ರಿಸಾಂತೊ ಮನಸ್ಸಿನಲ್ಲೇ ಎಣಿಸಿದ. ಗುಟ್ಟು ಬಲ್ಲವರಲ್ಲಿ ಒಬ್ಬ ತಾನು, ದೋಣಿಯ ಒಡೆಯ. ಇನ್ನೊಬ್ಬ ನಲವತ್ತು ವರ್ಷದಿಂದ ಜೊತೆಗೆ ಗಾಳ ಹಾಕುವ ಗೆಳೆಯ ಉಬಾಲ್ಡೊ, ಈಗ ಪಕ್ಕದಲ್ಲೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಮೂರನೆಯವನು ಉಬಾಲ್ಡೊನ ಮಗ ಯೋರ್ಮನ್.

ಆದರೆ ಯೋರ್ಮನ್ ಟ್ರಿನಿಡಾಡಿನಲ್ಲಿ ಗೋದಾಮಿನ ಕೆಲಸದಲ್ಲಿದ್ದಾನಲ್ಲ! ಅರ್ಧ ಗಂಟೆ ಮುಂಚೆ, ಮೂರನೇ ಅಂಜಲ್ ಮೀನನ್ನು ದೋಣಿಗೆ ಎಳೆದು ಹಾಕುತ್ತಾ ಉಬಾಲ್ಡೊ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

"ನೋಡೋ, ಈ ಟೋಪಿ ಅವ್ನೇ ಕಳ್ಸಿದ್ದು. ಧರ್ಮತಂದೆ ಅಂತ ಮೆರೀತೀಯಲ್ಲ, ನಿಂಗೇನು ಕಳ್ಸಿದ?"

"ಕಳ್ಸಿರ್ತಾನೆ. ಮಧ್ಯದಲ್ಲಿ ನೀನು ನುಂಗಿ ನೀರು ಕುಡಿದಿರ್ತೀಯ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ದೀಕ್ಷಾಸ್ನಾನದ ದಿನ ಆ ಕೂಸನ್ನು ಕೈಯಲ್ಲಿ ಎತ್ತಿ ಹಿಡಿದವನು ಕ್ರಿಸಾಂತೊನೇ. ಮಕ್ಕಳಿಲ್ಲದ ಅವನಿಗೆ ಇದ್ದವನು ಅವನೊಬ್ಬನೇ ಧರ್ಮಮಗ. ಬೇರೆ ಮಾತು ಬರುವ ಮೊದಲೇ ತನ್ನ ಧರ್ಮತಂದೆಯನ್ನು 'ಪದ್ರೀನೊ' ಎಂದು ಕರೆಯಲು ಕಲಿತಿದ್ದ ಹುಡುಗ.

ಈಗ ಕಳ್ಳನ ಮುಂದೆ ಕ್ರಿಸಾಂತೊ ಕಣ್ಣು ತಗ್ಗಿಸಿದ. ಕಳೆದ ತಿಂಗಳು ಪಕ್ಕದ ಊರಿನ ನಾಲ್ವರು, ಮುಸುಕಿನ ಕಳ್ಳನೊಬ್ಬನನ್ನು ಗುರುತಿಸಿ ಹೆಸರು ಹಿಡಿದು ಕರೆದಿದ್ದರು. ಅವರಲ್ಲಿ ಈಜಿ ದಡ ಸೇರಿದವನು ಒಬ್ಬನೇ. ಮೋಟಾರು ಹೋದರೆ ಅನ್ನವೇ ಹೋದಂತೆ, ನಿಜ. ಹಾಳಾಗಿ ಹೋಗಲಿ, ಜೀವ ಉಳಿದರೆ ಸಾಕು. ಓರೆಗಣ್ಣಿನಿಂದ ನೋಡಿದರೆ ಉಬಾಲ್ಡೊ ಕಾಲ ಬುಡದಲ್ಲಿ ಬಾಯಿ ಬಿಡುತ್ತಿದ್ದ ಮೀನನ್ನೇ ನೋಡುತ್ತಿದ್ದ. ಸದ್ಯ, ಇವನಿಗೆ ಗೊತ್ತಾಗಿಲ್ಲ ಎಂದುಕೊಂಡ ಕ್ರಿಸಾಂತೊ.

ಪಕ್ಕಕ್ಕೆ ತಾಗಿ ನಿಂತ ದೋಣಿಯಲ್ಲಿ ಕೋವಿ ಹಿಡಿದಿದ್ದ ಬೊಜ್ಜು ಹೊಟ್ಟೆಯವನು ಕಳ್ಳರ ಯಜಮಾನ. ಮೋಟಾರು ಅವನ ಕಡೆಗೆ ಸಾಗಿತು. ಮುಸುಕಿನವನು ಒಂದು ಕಾಲನ್ನು ಆ ದೋಣಿಗೆ ಇಟ್ಟ. ಅಲ್ಲೇ ಎಡವಟ್ಟಾಯಿತು. ಈ ತೀರದಲ್ಲಿ ಹಿರಿಯರ ಎದುರಿನಿಂದ ಹೊರಡುವ ಕಿರಿಯರು ಆಶೀರ್ವಾದ ಕೇಳದೆ ಹೊರಡುವುದಿಲ್ಲ. ಹಿರಿಯರೂ ತಲೆ ಎತ್ತದೆಯೇ 'ದೇವರು ಒಳ್ಳೇದು ಮಾಡ್ಲಿ' ಎಂದುಬಿಡುತ್ತಾರೆ. ಎಂಥಾ ಜಗಳವಿದ್ದರೂ ಇಲ್ಲ ಎನ್ನುವಂತಿಲ್ಲ. ತೊಟ್ಟಿಲಿನಿಂದ ಬಂದ ರೂಢಿ, ಕೋವಿ ಕಂಡರೆ ನಿಲ್ಲುತ್ತದೆಯೇ? ಆ ಪಾಪಿಯ ಬಾಯಿಂದ ಅದು ತಾನಾಗಿ ಜಾರಿತು.

"ಆಶೀರ್ವಾದ, ಪದ್ರೀನೊ."

ಅಂದವನೇ ಕಲ್ಲಾದ. ಬೊಜ್ಜಿನವನು ನಿಧಾನವಾಗಿ ಕೋವಿಯನ್ನು ಮುದುಕರ ಕಡೆಗೆ ತಿರುಗಿಸಿದ.

"ಏ ತಾತ, ಇವ್ನು ನಿನ್ನ ಧರ್ಮಮಗನಾ? ಹಂಗಿದ್ರೆ ಹೇಳ್ಬಿಡು. ನಮ್ಮ ಹುಡುಗ್ರ ಮನೆಯವ್ರನ್ನ ನಾವು ದೋಚಲ್ಲ. ಮೋಟಾರು ಈಗ್ಲೇ ವಾಪಸ್."

ಬಾಯಲ್ಲಿ ನಗು ಇತ್ತು. ಬೆರಳು ಮಾತ್ರ ಕೋವಿಯ ಕುದುರೆಯಿಂದ ಸರಿಯಲಿಲ್ಲ. ಹೌದು ಎಂದರೆ ಗುರುತು ಹಿಡಿದಂತೆ. ಆಗ ತಾವಿಬ್ಬರಷ್ಟೇ ಅಲ್ಲ, ಗುರುತು ಬಿಟ್ಟುಕೊಟ್ಟ ಹುಡುಗನೂ ಉಳಿಯುವುದಿಲ್ಲ. 'ದೇವರು ಒಳ್ಳೇದು ಮಾಡ್ಲಿ, ಮಗನೇ' ಎಂಬುದು ಕ್ರಿಸಾಂತೊನ ಗಂಟಲ ತನಕ ಬಂದಿತ್ತು. ಉಗುಳಿನ ಜೊತೆ ನುಂಗಿಕೊಂಡ.

"ಒಬ್ಬ ಧರ್ಮಮಗ ಇದ್ದ, ಯಜಮಾನ. ಸತ್ತೋದ. ಹೋದ ವರ್ಷ, ಇದೇ ನೀರಲ್ಲಿ. ಹೆಣಾನೂ ಸಿಗ್ಲಿಲ್ಲ."

"ಮತ್ತೆ ಇವ್ನ್ಯಾಕೆ ನಿನ್ನ ಕೇಳ್ದ?"

"ಯಾವ ತಾಯಿ ಹೆತ್ತವನೋ ನಂಗೇನು ಗೊತ್ತು? ಬಿಳಿ ಕೂದ್ಲು ಕಂಡ್ರೆ ಎಲ್ರೂ ಪದ್ರೀನೊ ಅಂತ ಕೇಳ್ತಾರೆ."

"ಕೇಳಿದ್ಮೇಲೆ ಕೊಡು."

"ಕಳ್ಳರಿಗೆ ನಾನು ಕೊಡಲ್ಲ."

ಬೊಜ್ಜಿನವನು ಹೋ ಎಂದು ನಕ್ಕ. "ಕೇಳಿಸ್ತೇನೋ? ಮುದುಕ ನಿಂಗೆ ಕೊಡಲ್ವಂತೆ!" ಎಂದು ಹುಡುಗನ ಬೆನ್ನಿಗೆ ಗುದ್ದಿದ. ಅವರ ದೋಣಿ ಹೊರಟಿತು. ಮುಸುಕಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳು, ದೂರದಲ್ಲಿ ಮರೆಯಾಗುವ ತನಕ ಕ್ರಿಸಾಂತೊನನ್ನೇ ನೋಡುತ್ತಿದ್ದವು. ಅಯ್ಯೋ, ಎಂಥಾ ಬಾಳು ಇದು! ಎತ್ತಿ ಆಡಿಸಿದ ಕೂಸಿಗೆ ಒಂದು ಒಳ್ಳೆಯ ಮಾತು ಕೊಡಲಾಗದ ಬಾಳು.

ಇಬ್ಬರೂ ಹುಟ್ಟು ಹಿಡಿದರು. ಅರ್ಧ ದಾರಿಗೆ ಬಂದ ಮೇಲೆ ಕ್ರಿಸಾಂತೊ ಗೆಳೆಯನ ಕಡೆ ತಿರುಗಿದ.

"ಬಾಯಿಗೆ ಬಂದ ಸುಳ್ಳು ಹೇಳ್ಬಿಟ್ಟೆ ಮಾರಾಯ, ಬೇಜಾರು ಮಾಡ್ಕೋಬೇಡ. ಟ್ರಿನಿಡಾಡಲ್ಲಿ ನಿನ್ನ ಮಗ ನೂರು ವರ್ಷ ಚೆನ್ನಾಗಿರ್ಲಿ."

ಉಬಾಲ್ಡೊ ಹುಟ್ಟು ಬಿಟ್ಟು ಟೋಪಿ ತೆಗೆದ. ಒಳಗೆ ಹೊರಗೆ ತಿರುಗಿಸಿ ನೋಡಿದ.

"ಇದನ್ನ ಯಾರ ತಲೆಯಿಂದ ಕಿತ್ಕೊಂಡನೋ ಏನೋ," ಎಂದ. "ಆ ತಿರುಪು ಬಿಚ್ಚೋದು ಅವ್ನಿಗೆ ಕಲ್ಸಿದ್ದು ನಾನೇ ಕಣೋ."

ದಡದ ತಗಡಿನ ಮಾಡುಗಳು ಒಂದೊಂದಾಗಿ ಕಾಣತೊಡಗಿದವು. ಉಬಾಲ್ಡೊ ಟೋಪಿಯನ್ನು ಮೆಲ್ಲಗೆ ಮೀನುಗಳ ಪಕ್ಕ ಇಟ್ಟು ಮತ್ತೆ ಹುಟ್ಟು ಹಿಡಿದ.

"ಸತ್ತ ಅಂತ ನೀನೇ ಹೇಳಿದ್ದಲ್ವಾ? ನಂಗೂ ಇನ್ನು ಅವ್ನು ಸತ್ತಂಗೇ. ಅವನಮ್ಮನ ಮುಂದೂ ನೀನೇ ಹೇಳು. ಬೇಗ ಬೇಗ ಎಳಿ. ಸತ್ತೋರಿಗೆ ಹೇಳೋ ಒಂಬತ್ತು ಸಂಜೆಯ ಜಪ ಇವತ್ತೇ ಶುರು ಮಾಡ್ಬಿಡೋಣ."