ಅಜ್ಜಿಯ ಹಿಮ್ಮಡಿ

ಕಲಾ ಕಾಲೇಜಿನ ಸಂದರ್ಶನದ ಕೋಣೆಯಲ್ಲಿ ಫೋಲ್ಡರ್ ಬಿಚ್ಚಿದ ಹುಡುಗಿಯ ಕೈ ಅಲ್ಲೇ ನಿಂತಿತು. ತಂದ ಚಿತ್ರಗಳಲ್ಲಿ ಅರ್ಧಕ್ಕರ್ಧ ಮಾಯ. ಉಳಿದವುಗಳಲ್ಲಿ ಅಜ್ಜಿ ನಗುತ್ತಿದ್ದಳು, ಅಜ್ಜಿ ತಲೆ ಬಾಚಿಕೊಂಡಿದ್ದಳು, ಅಜ್ಜಿ ಹೊಸ ಬಟ್ಟೆ ತೊಟ್ಟು ಮದುವಣಗಿತ್ತಿಯ ಹಾಗೆ ಕೂತಿದ್ದಳು.

"ಬರೀ ನಗೋ ಮುಖಗಳೇ ಇವೆಯಲ್ಲಮ್ಮ," ಎಂದರು ಅಧ್ಯಾಪಕಿ. "ಕೈ ಪಳಗಿದೆ, ಇಲ್ಲ ಅನ್ನಲ್ಲ. ಆದ್ರೆ ಇಂಥವು ಬೆಳಗಿಂದ ರಾಶಿ ನೋಡಿದೀನಿ. ನಿನ್ನ ಕಣ್ಣಿಗೆ ಮಾತ್ರ ಬಿದ್ದಿದ್ದು ಏನಾದ್ರೂ ಇದ್ರೆ ತೋರಿಸು."

"ಒಂದ್ನಿಮಿಷ ಮೇಡಂ," ಎಂದವಳೇ ಹುಡುಗಿ ಹೊರಗೆ ಓಡಿದಳು.

ಅಜ್ಜಿ ವರಾಂಡದ ಬೆಂಚಿನ ಮೇಲೆ ನೆಟ್ಟಗೆ ಕೂತು ಪಕ್ಕದವರಿಗೆ ಮೊಮ್ಮಗಳ ಪುರಾಣ ಹೇಳುತ್ತಿದ್ದಳು. "ಅಂಕ ನೋಡಿ ಸೀಟು ಕೊಡೋ ಕಾಲೇಜು ತಾನಾಗೇ ಕರೆದಿತ್ತು ಕಣ್ರಿ. ಇವಳೇ ಬೇಡ ಅಂದ್ಲು. ಕೈ ನೋಡಿ ಕೊಡೋ ಕಾಲೇಜೇ ಆಗಬೇಕಂತೆ."

"ಅಜ್ಜಿ, ಉಳಿದ ಚಿತ್ರ ಎಲ್ಲಿ?"

"ಯಾವ ಚಿತ್ರ?" ಅಜ್ಜಿ ಸೂರು ನೋಡಿದಳು.

"ಹಲ್ಲುಸೆಟ್ಟಿಂದು. ಹಿಮ್ಮಡೀದು."

"ಮನೇಲಿವೆ, ಹಾಸಿಗೆ ಕೆಳಗೆ. ಲೋಟದಲ್ಲಿ ನೆನೆಹಾಕಿದ ಹಲ್ಲು, ಬಿರುಕು ಬಿಟ್ಟ ಹಿಮ್ಮಡಿ, ಇದನ್ನೆಲ್ಲ ಓದಿದೋರ ಮುಂದೆ ಹರಡ್ತಾರೇನೇ? ಎಂಥಾ ಮನೆಯಿಂದ ಬಂದಿದಾಳೋ ಅಂದ್ಕೊಳ್ಳಲ್ವಾ? ನಿನ್ನ ಒಳ್ಳೇದಕ್ಕೇ ತೆಗೆದಿಟ್ಟೆ."

ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದ್ದು ಮನೆಯವಳೇ. ಹುಡುಗಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಸಂದರ್ಶನಕ್ಕೆ ಇವತ್ತೇ ಕೊನೆಯ ದಿನ. ಮನೆಗೆ ಹೋಗಿ ಬರುವಷ್ಟರಲ್ಲಿ ಕಾಲೇಜಿಗೇ ಬೀಗ ಬೀಳುತ್ತಿತ್ತು.

"ನಗೋ ಅಜ್ಜೀನ ಯಾರು ಬೇಕಾದ್ರೂ ಬರೀತಾರೆ," ಎಂದಳು. "ನಾನು ಬರೆದಿದ್ರಲ್ಲಿ ಒಳ್ಳೇದು ಅಂದ್ರೆ ಆ ಹಿಮ್ಮಡಿ ಒಂದೇ. ಅದಿಲ್ದೆ ಸೀಟಿಲ್ಲ."

"ಗೇಲಿ ಮಾಡೋಕೆ ಬರೆದಿದ್ದಲ್ವಾ ಅದು?"

"ಗೇಲಿನಾ? ನಿನ್ನ ಕಾಲು ನೋಡಿದ್ರೆ ನಂಗೆ ಹೆಮ್ಮೆ ಕಣಜ್ಜಿ."

ಅಜ್ಜಿ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಒದ್ದೆ ಸಿಮೆಂಟಿನ ಮೇಲೆ ಆಯುಸ್ಸೆಲ್ಲ ನಿಂತು ಗಳಿಸಿದ ಬಿರುಕುಗಳು ಅವು. ಆ ದುಡಿಮೆಯಲ್ಲೇ ಮಕ್ಕಳು ದಡ ಸೇರಿದ್ದರು. ಆದರೂ ಕಡುಬೇಸಿಗೆಯಲ್ಲೂ ಕಾಲುಚೀಲ ಹಾಕದೆ ಅವಳು ಹೊಸ್ತಿಲು ದಾಟಿದವಳಲ್ಲ. ಚಪ್ಪಲಿ ಅಂಗಡಿಯವನ ಮುಂದೆ ಕೂಡ ಅದನ್ನು ಬಿಚ್ಚುತ್ತಿರಲಿಲ್ಲ.

ಹುಡುಗಿ ಬರಿಗೈಯಲ್ಲಿ ಒಳಗೆ ಹೋದಳು. "ಚಿತ್ರ ಮನೇಲೇ ಉಳೀತು, ಮೇಡಂ."

"ಹಾಗಾದ್ರೆ ನಾನೇನು ಮಾಡ್ಲಿ ಹೇಳು?" ಅಧ್ಯಾಪಕಿ ಮುಂದಿನವರ ಹೆಸರು ಕೂಗಿಸಲು ಗಂಟೆಯ ಕಡೆ ಕೈ ಚಾಚಿದರು.

ಆಗ ಬಾಗಿಲು ತೆರೆಯಿತು. ಅಜ್ಜಿ ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದು, ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದನ್ನು ಎದುರಿಗೆ ಎಳೆದುಕೊಂಡಳು. ಬಗ್ಗಿ ಚಪ್ಪಲಿ ಬಿಟ್ಟಳು. ಕಾಲುಚೀಲ ಕಳಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಬಲಗಾಲನ್ನು ಎತ್ತಿ, ಹಿಮ್ಮಡಿ ಮೇಜಿನ ಕಡೆಗೆ ಕಾಣುವಂತೆ ಎದುರಿನ ಕುರ್ಚಿಯ ಮೇಲಿಟ್ಟಳು.

"ಚಿತ್ರ ಬಚ್ಚಿಟ್ಟಿದ್ದು ನಾನು, ಮೇಡಂ. ಇವಳದೇನೂ ತಪ್ಪಿಲ್ಲ. ಕಾಲು ಇಲ್ಲೇ ಇದೆ, ನಿಮ್ಮೆದುರಿಗೇ ಬರೀತಾಳೆ."

ಅಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು ಆ ಕಾಲನ್ನು ಬಹಳ ಹೊತ್ತು ನೋಡಿದರು. ನಂತರ ಒಂದು ದೊಡ್ಡ ಹಾಳೆಯನ್ನೂ ಇದ್ದಿಲ ಕಡ್ಡಿಯನ್ನೂ ಹುಡುಗಿಯ ಮುಂದೆ ಸರಿಸಿದರು. ಹುಡುಗಿಗೆ ಕಣ್ಣು ಮಂಜಾಗಿ ಕೈ ಏಳಲಿಲ್ಲ.

"ಏನೇ ನೋಡ್ತಾ ಕೂತೆ?" ಅಜ್ಜಿ ಗದರಿದಳು. "ಬರಿ. ಒಂದು ಬಿರುಕೂ ಬಿಡಬೇಡ."