ಅಕ್ಕನ ಚಪ್ಪಲಿ

ಊರಿನ ಎಲ್ಲ ಮನೆಗಳ ಬುಟ್ಟಿಗಳ ಹಾಗೆ ಕಾಶವ್ವನ ಮನೆಯ ಕಸದ ಬುಟ್ಟಿಯೂ ಹಾಕುವ ವಸ್ತು ಯಾರದೆಂದು ವಿಚಾರಿಸದೆ ಬಾಯಿ ತೆರೆಯುತ್ತಿರಲಿಲ್ಲ. ರಿಪೇರಿಯಾಗುವ ವಸ್ತುವನ್ನಂತೂ ಒಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಸಂಜೆ ಅವಳು ಎಂದಿನಂತೆ ತೀರಿಹೋದ ಅಕ್ಕನ ಎಡಗಾಲಿನ ಚಪ್ಪಲಿ ಹಿಡಿದು ಬುಟ್ಟಿಯ ಮುಂದೆ ಕೂತಳು. ಚಪ್ಪಲಿಯ ಬಾರು ಕಿತ್ತುಹೋಗಿತ್ತು.

“ಯಾರದ್ರೀ ಇದು?” ಎಂದಿತು ಬುಟ್ಟಿ.

“ನಮ್ಮ ಅಕ್ಕಂದು. ಇದನ್ನ ಹಾಕ್ಕೊಂಡ ಮಾರ್ಕೆಟ್ಟಿಗೆ ಹೋಗಾಕಿ. ಒಂದೊಂದ ಬದನಿಕಾಯಿ ಒತ್ತಿ ನೋಡಿ ತರಾಕಿ.”

“ಹೊಲಿಸಿದ್ರ ನಡೀತದೇನ್ರಿ?”

“ನಡೀತದ.”

“ಹಂಗಾದ್ರ ಒಯ್ದು ಹೊಲಿಸ್ರಿ.”

ದಿನವೂ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಕಾಶವ್ವ ಚಪ್ಪಲಿಯನ್ನು ಬಾಗಿಲ ಹಿಂದಿಟ್ಟು ಒಬ್ಬಳೇ ಊಟಕ್ಕೆ ಕೂರುತ್ತಿದ್ದಳು. ಅಕ್ಕನ ಬಗ್ಗೆ ಅವಳನ್ನು ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ. ಇವತ್ತು ಮಾತ್ರ ಬುಟ್ಟಿ ಅಷ್ಟಕ್ಕೇ ಸುಮ್ಮನಾಗಲಿಲ್ಲ.

“ಮೂವತ್ತು ದಿನ ಇದನ್ನ ತಂದೀರಿ, ಒಮ್ಮೆನೂ ಹೊಲಿಸಲಿಲ್ಲ. ಇನ್ನ ಕೇಳಂಗಿಲ್ರಿ, ಹಾಕಿಬಿಡ್ರಿ,” ಎಂದು ಮುಚ್ಚಳ ತೆರೆಯಿತು.

ಕಾಶವ್ವ ಗಡಬಡಿಸಿ ಚಪ್ಪಲಿಯನ್ನು ಎದೆಗೊತ್ತಿಕೊಂಡು, ಮುಚ್ಚಳವನ್ನು ಕೈಯಿಂದಲೇ ಅದುಮಿ ಮುಚ್ಚಿದಳು. ಆಮೇಲೆ ಎದ್ದುಹೋಗಿ, ಇನ್ನೂ ಗಟ್ಟಿಯಾಗಿದ್ದ ಬಲಗಾಲಿನದನ್ನು ತಂದು ಬುಟ್ಟಿಯ ಮುಂದೆ ಹಿಡಿದಳು.

“ಯಾರದ್ರೀ ಇದು?” ಎಂದಿತು ಬುಟ್ಟಿ.

ಕಾಶವ್ವ ಚಕ್ಕಳಮಕ್ಕಳ ಹಾಕಿ ಕೂತಳು.